ವಾಲ್ವ್ ಕೆಟ್ಟಿದೆಯೋ, ಹೇಳಿದ ಮಾತು ಕೇಳುತ್ತಿದೆಯೋ?

ಈ ಸಲ ಸ್ಟೀಮ್ ಓವನ್‌ ಕುರಿತ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯ ಉತ್ತರ ಉದ್ದವಾಯಿತು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಅರ್ಧ ಉತ್ತರವೂ ಅದರಲ್ಲೇ ಇದೆ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಕಪಾಟಿನೊಳಗೆ ಕೂರಿಸಿದ ಸ್ಟೀಮ್ ಓವನ್. ನೀರಿನ ಪೈಪ್ ನೇರವಾಗಿ ಜೋಡಿಸಿದ್ದಾರೆ, ಡಬ್ಬ ತುಂಬಿಸುವ ತಾಪತ್ರಯ ಇಲ್ಲ. ಈಚೆಗೆ ಎರಡು ತೊಂದರೆ ಶುರುವಾಗಿವೆ. ಒಂದು, ಹಬೆ ಬರತೊಡಗಿ ಸ್ವಲ್ಪ ಹೊತ್ತಿಗೆ ‘ನೀರಿನ ಸರಬರಾಜು ಪರೀಕ್ಷಿಸಿ’ ಎಂದು ತೋರಿಸಿ ನಿಂತುಬಿಡುತ್ತದೆ. ಎರಡು, ರಾತ್ರಿ ಒಣಗಿಸಿ ಒರೆಸಿಟ್ಟರೂ ಬೆಳಿಗ್ಗೆ ತಳದಲ್ಲಿ ನೀರು ನಿಂತಿರುತ್ತದೆ. ಸರ್ವಿಸ್‌ನವರು ಫೋನಿನಲ್ಲೇ ‘ವಾಲ್ವ್, ಕಂಟ್ರೋಲ್ ಬೋರ್ಡ್ ಎರಡೂ ಹಾಕಬೇಕು’ ಅಂದರು. ನೋಡದೆ ಹೇಗೆ ಗೊತ್ತಾಯಿತು ಅಂದರೆ, ‘ಎಲ್ಲರದೂ ಅದೇ’ ಎಂಬ ಉತ್ತರ. ಒಂದೇ ವಾಲ್ವ್ ನೀರು ಸರಿಯಾಗಿ ಬಿಡುವುದೂ ಇಲ್ಲ, ಸರಿಯಾಗಿ ನಿಲ್ಲಿಸುವುದೂ ಇಲ್ಲ ಅಂದರೆ ನಂಬುವುದು ಹೇಗೆ?

ಉತ್ತರ: ನಂಬಬಹುದು. ಒಂದೇ ವಾಲ್ವ್ ಎರಡು ಕಾಟವನ್ನೂ ಕೊಡಬಲ್ಲದು. ಆದರೆ ಬೋರ್ಡ್ ಹಾಕಿಸುವ ಮಾತಿಗೆ ಈಗಲೇ ತಲೆ ಆಡಿಸಬೇಡಿ.

ಕರೆಂಟ್ ಬಂದರೆ ವಾಲ್ವ್ ತನ್ನ ಬಲದಿಂದ ಬಾಯಿ ತೆರೆಯುತ್ತದೆ, ಹೋದರೆ ಸ್ಪ್ರಿಂಗ್ ಒತ್ತಿ ಮುಚ್ಚುತ್ತದೆ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಕರೆಂಟ್ ಹರಿದಾಗ ಅಯಸ್ಕಾಂತವಾಗುವ ಒಳಗಿನ ಪುಟ್ಟ ತಂತಿಸುರುಳಿ, ಅಂದರೆ ಕಾಯಿಲ್‌ಗೆ ಅಷ್ಟು ತಾಕತ್ತಿಲ್ಲ. ನಲ್ಲಿಗೆ ಜೋಡಿಸುವ ಮನೆ ಮಷೀನುಗಳಲ್ಲಿ ಸಾಮಾನ್ಯವಾಗಿ ಇರುವ ವಾಲ್ವ್‌ನಲ್ಲಿ ದುಡಿಯುವುದು ನೀರೇ. ಒಳಗೆ ಡಯಾಫ್ರಮ್ ಎಂಬ ತೆಳು ರಬ್ಬರ್ ಬಿಲ್ಲೆ ಇರುತ್ತದೆ. ಅದರ ಅಂಚಿನ ಕಡೆ ಸೂಜಿ ಮೊನೆಯಷ್ಟು ಸಣ್ಣ ತೂತು. ನಡುವೆ ಅದಕ್ಕಿಂತ ಚೂರು ದೊಡ್ಡ ಇನ್ನೊಂದು ತೂತು. ಕರೆಂಟ್ ಇಲ್ಲದಾಗ ಒಂದು ಸಣ್ಣ ಕಬ್ಬಿಣದ ಕಡ್ಡಿ ಸ್ಪ್ರಿಂಗ್ ಬಲದಿಂದ ನಡುವಿನ ತೂತನ್ನು ಮುಚ್ಚಿ ಕೂತಿರುತ್ತದೆ. ಅಂಚಿನ ತೂತಿನಿಂದ ನೀರು ಮೇಲೆ ನುಸುಳಿ ಡಯಾಫ್ರಮ್ಮಿನ ಬೆನ್ನ ಮೇಲೆ ತುಂಬಿಕೊಳ್ಳುತ್ತದೆ. ಆ ಒತ್ತಡವೇ ರಬ್ಬರನ್ನು ಕೆಳಗೆ ಒತ್ತಿ ಹಿಡಿಯುವುದು. ಗಾಳಿ ಜೋರಾಗಿ ಬೀಸುವಾಗ ಬಾಗಿಲು ತಾನೇ ಚೌಕಟ್ಟಿಗೆ ಒತ್ತಿ ಕೂರುತ್ತದೆ ಅಲ್ವಾ, ಹಾಗೆ.

ಕರೆಂಟ್ ಕೊಟ್ಟಾಗ ಕಾಯಿಲ್ ಮಾಡುವುದು ಒಂದೇ ಕೆಲಸ. ಆ ಕಡ್ಡಿಯನ್ನು ಒಂದಿಷ್ಟು ಮೇಲಕ್ಕೆ ಎತ್ತುತ್ತದೆ. ನಡುವಿನ ತೂತಿನಿಂದ ಮೇಲಿನ ನೀರು ಇಳಿದುಹೋಗುತ್ತದೆ, ಬೆನ್ನ ಮೇಲಿನ ಭಾರ ಕಡಿಮೆಯಾಗುತ್ತದೆ, ಕೆಳಗಿನ ನೀರು ರಬ್ಬರನ್ನು ಎತ್ತಿ ದಾರಿ ಮಾಡಿಕೊಳ್ಳುತ್ತದೆ.

ಇಷ್ಟು ಗೊತ್ತಾದರೆ ಉಳಿದದ್ದು ನೀವೇ ಊಹಿಸಬಹುದು. ನಡುವಿನ ತೂತಿಗೆ ಕಸ ಸಿಕ್ಕರೆ ವಾಲ್ವ್ ತೆರೆಯುವುದಿಲ್ಲ. ಅಂಚಿನ ತೂತು ಕಟ್ಟಿಕೊಂಡರೆ ಮುಚ್ಚುವುದಿಲ್ಲ. ರಬ್ಬರಿನ ಅಡಿಗೆ ಒಂದು ಮರಳಿನ ಕಣ ಬಿದ್ದರೆ ಮುಚ್ಚಿದ ಮೇಲೂ ಜಿನುಗುತ್ತದೆ. ಇನ್ನು ಪೈಪಿನಲ್ಲಿ ಒತ್ತಡವೇ ಕಡಿಮೆ ಇದ್ದರೆ? ಎತ್ತುವವರೂ ಇಲ್ಲ, ಒತ್ತಿ ಹಿಡಿಯುವವರೂ ಇಲ್ಲ. ಅರ್ಧ ತೆರೆದು ಅರ್ಧ ಮುಚ್ಚಿ ಕೂರುತ್ತದೆ. ನಿಮ್ಮ ಎರಡೂ ತೊಂದರೆಗೆ ಒಂದೇ ಮೂಲ ಇರಬಹುದು ಅಂದದ್ದು ಇದಕ್ಕೇ. ಆಗ ವಾಲ್ವ್ ಕೆಟ್ಟಿದೆ ಅನ್ನುವುದೂ ತಪ್ಪು. ಕೊಟ್ಟ ನೀರಿನಲ್ಲಿ ಆದಷ್ಟು ಮಾಡುತ್ತಿದೆ, ಅಷ್ಟೇ.

ಮೊದಲು ನಿಂತ ನೀರಿನ ವಿಷಯ ಇತ್ಯರ್ಥ ಮಾಡಿ. ಇದಕ್ಕೆ ಯಾವ ಉಪಕರಣವೂ ಬೇಡ. ಒಂದು ರಾತ್ರಿ ಒಳಗೆಲ್ಲ ಒಣ ಬಟ್ಟೆಯಿಂದ ಒರೆಸಿ, ಓವನ್ನಿನ ಎಂಸಿಬಿ ಇಳಿಸಿ, ಓವನ್ನಿಗೆ ನೀರು ಬಿಡುವ ನಲ್ಲಿ (ಆಂಗಲ್ ಕಾಕ್) ಮಾತ್ರ ತೆರೆದಿಡಿ. ಬಾಗಿಲಿನಿಂದ ಹೊರಗೆ ಚೆಲ್ಲುವಷ್ಟು ನೀರು ಬರುತ್ತಿದ್ದರೆ ರಾತ್ರಿಯಿಡೀ ಬಿಡಬೇಡಿ, ಹಗಲು ಎದುರಿಗಿದ್ದು ಒಂದೆರಡು ಗಂಟೆ ನೋಡಿ ಸಾಕು. ಬೆಳಿಗ್ಗೆ ನೀರು ಇದೆಯೇ? ಹಾಗಿದ್ದರೆ ಕರೆಂಟಿಗೂ ಬೋರ್ಡಿಗೂ ಸಂಬಂಧವೇ ಇಲ್ಲ. ಕರೆಂಟ್ ಇಲ್ಲದಾಗ ಮುಚ್ಚಿಕೊಂಡಿರಬೇಕಾದ ವಾಲ್ವ್ ಜಿನುಗುತ್ತಿರಬಹುದು. ಮತ್ತೊಂದು ರಾತ್ರಿ ತಿರುವು ಮುರುವು ಮಾಡಿ. ಎಂಸಿಬಿ ಮೇಲೆ, ಕಾಕ್ ಬಂದ್. ಈಗಲೂ ನೀರು ನಿಂತರೆ ಅದು ನಲ್ಲಿಯಿಂದ ಬಂದದ್ದೇ ಅಲ್ಲ. ಬಾಯ್ಲರ್‌ನಲ್ಲಿ ಉಳಿದದ್ದು ಹೊರಗೆ ಹೋಗದೆ ಹಿಂದಕ್ಕೆ ಬರುತ್ತಿದೆ, ಇಲ್ಲವೇ ಒಳಗೋಡೆಯ ಹಬೆ ತಣಿದು ಇಳಿದಿದೆ. ಒಳಬರುವ ವಾಲ್ವ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ, ಹೊರಹೋಗುವ ದಾರಿ ನೋಡಬೇಕು.

ಎಂಸಿಬಿ ಇಳಿಸಿದಾಗ ಒಣಗಿದ್ದು, ಕರೆಂಟ್ ಮತ್ತು ನೀರು ಎರಡೂ ಇದ್ದಾಗ ಮಾತ್ರ ನೀರು ನಿಲ್ಲುತ್ತಿದ್ದರೆ ಆಗ ಬೋರ್ಡಿನ ಮೇಲೆ ಅನುಮಾನ ಪಡಿ. ವಾಲ್ವ್‌ಗೆ ಕರೆಂಟ್ ಕೊಡುವ ಬೋರ್ಡಿನ ಸ್ವಿಚ್ (ರಿಲೇ ಅಥವಾ ಟ್ರಯಾಕ್) ಅಂಟಿಕೊಂಡಿರಬಹುದು, ಇಲ್ಲವೇ ನೀರಿನ ಮಟ್ಟ ನೋಡುವ ಸೆನ್ಸರ್ ‘ಇನ್ನೂ ಬೇಕು’ ಎಂದು ಸುಳ್ಳು ಹೇಳುತ್ತಿರಬಹುದು. ಈ ಸಂದರ್ಭದಲ್ಲಿ ವಾಲ್ವ್ ಪಾಪ, ಹೇಳಿದ ಮಾತು ಕೇಳುತ್ತಿದೆ. ನೋಡಿ, ವಾಲ್ವ್ ದೋಷವನ್ನೂ ಬೋರ್ಡ್ ದೋಷವನ್ನೂ ಬೇರೆ ಮಾಡುವುದಕ್ಕೆ ಒಂದು ಸ್ವಿಚ್ಚು, ಒಂದು ನಲ್ಲಿ ಸಾಕು. ಅಷ್ಟೂ ಮಾಡದೆ ಎರಡನ್ನೂ ಹಾಕಿ ಅನ್ನುವವರಿಗೆ ರಿಪೇರಿಯಲ್ಲಿ ಆಸಕ್ತಿ ಇಲ್ಲ, ಸಾಮಾನು ಮಾರುವುದರಲ್ಲಿ ಇದೆ.

ಈಗ ‘ನೀರಿನ ಸರಬರಾಜು ಪರೀಕ್ಷಿಸಿ’ ಎಂಬ ಸಂದೇಶ. ನೀರು ಇಲ್ಲ ಎಂದು ಮಷೀನಿಗೆ ಗೊತ್ತಿಲ್ಲ. ವಾಲ್ವ್‌ಗೆ ಕರೆಂಟ್ ಕೊಟ್ಟೆ, ಇಷ್ಟು ಸೆಕೆಂಡು ಕಾದೆ, ಸೆನ್ಸರ್‌ಗೆ ನೀರು ಮುಟ್ಟಲಿಲ್ಲ ಎನ್ನುವುದಷ್ಟೇ ಅದಕ್ಕೆ ಗೊತ್ತು. ಹಾಗಾಗಿ ನಿಧಾನವಾಗಿ ಬಂದರೂ ಇದೇ ಸಂದೇಶ.

ಎಂಸಿಬಿ ಇಳಿಸಿ, ಕಾಕ್ ಮುಚ್ಚಿ, ಓವನ್ ಕಡೆಯ ಪೈಪಿನ ನಟ್ ಕೈಯಿಂದ ಬಿಚ್ಚಿ. ಕೆಳಗೆ ಬಕೆಟ್ ಇಡಿ, ಪೈಪಿನಲ್ಲಿ ಉಳಿದ ನೀರು ಚೆಲ್ಲುತ್ತದೆ. ಪೈಪಿನ ತುದಿಯನ್ನು ಬಕೆಟ್ಟಿಗೆ ಹಿಡಿದು ಕಾಕ್ ತೆರೆಯಿರಿ. ಧಾರೆ ಜೋರಾಗಿ ಬರಬೇಕು. ನೂಲಿನಷ್ಟು ಬಂದರೆ ತೊಂದರೆ ಓವನ್ನಿನ ಹೊರಗೇ ಇದೆ. ಕಾಕ್ ಒಳಗೆ ತುಕ್ಕು, ಮಡಚಿದ ಪೈಪ್, ಅಥವಾ ಒತ್ತಡದ ಕೊರತೆ. ಮೇಲಿನ ಟ್ಯಾಂಕಿನಿಂದ ಇಳಿದು ಬರುವ ನೀರಾದರೆ ಲೆಕ್ಕ ಸುಲಭ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಟ್ಯಾಂಕ್ ಓವನ್ನಿಗಿಂತ 3 ಮೀಟರ್ ಮೇಲಿದ್ದರೆ 0.3 ಬಾರ್ ಸಿಕ್ಕರೆ ಹೆಚ್ಚು. ನಿಮ್ಮ ಓವನ್ನಿಗೆ ಕಡಿಮೆ ಎಂದರೆ ಎಷ್ಟು ಬೇಕು ಎಂದು ಜೋಡಣೆ ಪುಸ್ತಕದಲ್ಲಿ ಬರೆದಿರುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಹೊಸ ವಾಲ್ವ್ ಕೂಡ ಇದೇ ಆಟ ಆಡುತ್ತದೆ.

ಧಾರೆ ಚೆನ್ನಾಗಿದ್ದರೆ ಓವನ್ನಿನ ನೀರಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಹೆಬ್ಬೆರಳ ಉಗುರಿನಷ್ಟು ಒಂದು ಪ್ಲಾಸ್ಟಿಕ್ ಜಾಲರಿ ಕಾಣುತ್ತದೆ. ಬಹುತೇಕ ಜಾಲರಿಗಳ ಮಧ್ಯೆ ಹಿಡಿದು ಎಳೆಯಲು ಒಂದು ಸಣ್ಣ ಮೊಟಕು ಇರುತ್ತದೆ. ಚೂಪು ಮೂತಿಯ ಇಕ್ಕಳದಿಂದ ಅದನ್ನು ಹಿಡಿದು ನೇರವಾಗಿ ಎಳೆಯಿರಿ, ತಿರುಚಬೇಡಿ. ಬಿಳಿ ಕಾಗದದ ಮೇಲೆ ಕೊಡವಿ ನೋಡಿ. ಕಂದು ಚಕ್ಕೆಗಳು ಕಂಡರೆ ಹಳೆಯ ಕಬ್ಬಿಣದ ಪೈಪಿನ ತುಕ್ಕು. ಮಿನುಗುವ ಕಣಗಳು ಮರಳು. ಬಿಳಿ ಎಳೆಎಳೆಯಾಗಿ, ಎಳೆದರೆ ಹಿಗ್ಗುವಂಥದ್ದು ಇದ್ದರೆ ಅದು ಟೆಫ್ಲಾನ್ ಟೇಪ್. ಈ ಟೇಪ್ ಬಗ್ಗೆ ನನಗೆ ಒಂದು ತಕರಾರಿದೆ. ಓವನ್ ಪೈಪಿನ ನಟ್‌ನಲ್ಲಿ ನೀರು ತಡೆಯುವುದು ಒಳಗಿನ ಚಪ್ಪಟೆ ರಬ್ಬರ್ ವಾಷರ್, ಮರೆ (ತಿರುಪಿನ ಸುರುಳಿ ಗೆರೆ) ಅಲ್ಲ. ಅಲ್ಲಿ ಟೇಪ್ ಸುತ್ತಿದರೆ ಸೋರಿಕೆ ನಿಲ್ಲುವುದಿಲ್ಲ. ಚೂರುಗಳು ಕಿತ್ತು ನೀರಿನ ಜೊತೆ ಒಳಗೆ ಹೋಗುತ್ತವೆ. ಸೋರುತ್ತಿದ್ದರೆ ವಾಷರ್ ಬದಲಾಯಿಸಿ, ಸುಮ್ನೆ ಟೇಪ್ ಸುತ್ತಬೇಡಿ.

ಜಾಲರಿಯನ್ನು ನೀರು ಬರುವ ದಿಕ್ಕಿಗೆ ಎದುರಾಗಿ ನಲ್ಲಿಯಡಿ ಹಿಡಿದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ವಾಪಸ್ ಹಾಕಿ. ವಾಪಸ್ ಹಾಕಿ ಎಂದು ಯಾಕೆ ಹೇಳುತ್ತಿದ್ದೇನೆ ಅಂದರೆ, ‘ಇದಿಲ್ಲದಿದ್ದರೆ ನೀರು ಚೆನ್ನಾಗಿ ಬರುತ್ತೆ’ ಎಂದು ಕಿತ್ತು ಎಸೆಯುವ ಮಹಾಶಯರು ಇದ್ದಾರೆ. ನೀರು ಚೆನ್ನಾಗಿಯೇ ಬರುತ್ತದೆ, ಕಸದ ಸಮೇತ. ಆ ಕಸ ನೇರವಾಗಿ ಡಯಾಫ್ರಮ್ಮಿನ ತೂತಿಗೆ ಹೋಗುತ್ತದೆ.

ಜಾಲರಿ ತೊಳೆದ ಮೇಲೂ ಹಾಗೇ ಇದ್ದರೆ ವಾಲ್ವ್ ಬಿಚ್ಚಬೇಕು. ಅದು ತಂತ್ರಜ್ಞರ ಕೆಲಸ. ಓವನ್ ಕಪಾಟಿನಿಂದ ಹೊರಗೆಳೆಯಬೇಕು, ಪಕ್ಕದಲ್ಲೇ 230 ವೋಲ್ಟ್ ಇದೆ, ಕೈಯಲ್ಲಿ ನೀರಿದೆ. ಅವರು ಬಂದಾಗ ಕರೆಂಟ್ ತೆಗೆದು, ಕಾಯಿಲ್‌ನ ವೈರ್ ಕಳಚಿ ಮೀಟರ್ ಹಿಡಿಯಲು ಹೇಳಿ. ಈ ಜಾತಿಯ 230 ವೋಲ್ಟ್ ಕಾಯಿಲ್ ಸಾಮಾನ್ಯವಾಗಿ 3,000ದಿಂದ 5,000 ಓಮ್ ಆಸುಪಾಸಿನಲ್ಲಿ ತೋರಿಸುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ, ವಾಲ್ವ್ ಹೋದ ಹಾಗೇ. ಆದರೆ ಓಮ್ ಸರಿ ಇದೆ ಎಂದ ಮಾತ್ರಕ್ಕೆ ವಾಲ್ವ್ ಸರಿ ಇದೆ ಎಂದಲ್ಲ. ಮೀಟರಿಗೆ ತಂತಿ ಮಾತ್ರ ಕಾಣುತ್ತದೆ. ರಬ್ಬರೂ ಕಸವೂ ಕಾಣುವುದಿಲ್ಲ.

ಹೊಸ ವಾಲ್ವ್ ಹಾಕುವುದೇ ಆದರೆ ನಿಮ್ಮ ಮಾದರಿಯ ನಂಬರಿಗೆ ಹೊಂದುವುದನ್ನೇ ಹಾಕಿಸಿ. ಬಟ್ಟೆ ಒಗೆಯುವ ಮಷೀನಿನ ವಾಲ್ವ್ ನೋಡುವುದಕ್ಕೆ ತದ್ರೂಪ. ಅದೇ ಮರೆ, ಅದೇ ಪಿನ್ನು. ಆದರೆ ಅದು ನಿಮಿಷಕ್ಕೆ ಹಲವು ಲೀಟರ್ ಬಿಡಲು ಮಾಡಿದ್ದು. ಮನೆಯ ಸ್ಟೀಮ್ ಓವನ್ನಿಗೆ ಒಂದು ಗಂಟೆಯ ಹಬೆಗೆ ಒಂದು ಲೀಟರ್ ಆಸುಪಾಸು ಸಾಕು. ತಂದವರು ‘ಸೇಮ್ ಟು ಸೇಮ್’ ಅಂದರೆ ಹರಿವು ಎಷ್ಟು ಎಂದು ಒಂದು ಮಾತು ಕೇಳಿ.

ಪ್ರಶ್ನೆ: ನಮ್ಮದು ಕಳಚುವ ಡಬ್ಬದ ಸ್ಟೀಮ್ ಓವನ್. ಡಬ್ಬ ತುಂಬಾ ನೀರಿದೆ. ಆದರೂ ‘ಡಬ್ಬ ತುಂಬಿಸಿ’ ಎನ್ನುತ್ತದೆ. ಫಿಲ್ಟರ್ ಮಾಡಿದ ನೀರನ್ನೇ ಹಾಕುತ್ತೇವೆ, ಕಸ ಇರಲಿಕ್ಕೆ ಸಾಧ್ಯವಿಲ್ಲ.

ಉತ್ತರ: ಯಾವ ಫಿಲ್ಟರ್ ಎಂದು ನೀವು ಬರೆದಿಲ್ಲ. ಆರ್‌ಓ ಆಗಿದ್ದರೆ ಅದೇ ಕಾರಣ ಇರಬಹುದು. ಕೆಲವು ಓವನ್‌ಗಳು ನೀರು ಇದೆಯೋ ಇಲ್ಲವೋ ಎಂದು ತಿಳಿಯಲು ಎರಡು ಲೋಹದ ಕಡ್ಡಿಗಳ ನಡುವೆ ಅತಿ ಸಣ್ಣ ಕರೆಂಟ್ ಹಾಯಿಸಿ ನೋಡುತ್ತವೆ. ನೀರಿನಲ್ಲಿ ಲವಣ ಇದ್ದರೆ ತಾನೇ ಕರೆಂಟ್ ಹಾಯುವುದು? ಡಿಸ್ಟಿಲ್ಡ್ ನೀರಿನಲ್ಲಿ ಅದು ಬಹುತೇಕ ಇಲ್ಲವೇ ಇಲ್ಲ, ಆರ್‌ಓ ನೀರಿನಲ್ಲಿ ತುಂಬಾ ಕಡಿಮೆ. ಹಾಗಾಗಿ ಡಬ್ಬ ತುಂಬಿದ್ದರೂ ಸೆನ್ಸರ್‌ಗೆ ಖಾಲಿ ಕಾಣುತ್ತದೆ. ಒಮ್ಮೆ ಮಾಮೂಲಿ ನಲ್ಲಿ ನೀರು ಹಾಕಿ ನೋಡಿ. ಸರಿಹೋದರೆ ಇನ್ನು ಮುಂದೆ ಕೈಪಿಡಿ ಹೇಳಿದ ನೀರನ್ನೇ ಹಾಕಿ. ಡಿಸ್ಟಿಲ್ಡ್ ನೀರು ಬೇಡ ಎಂದು ಎಷ್ಟೋ ಕೈಪಿಡಿಗಳು ಬರೆದೇ ಇರುತ್ತವೆ, ಯಾರೂ ಓದುವುದಿಲ್ಲ.

ಸರಿಹೋಗದಿದ್ದರೆ ಡಬ್ಬದ ಬಾಯಿ ನೋಡಿ. ಅಲ್ಲಿ ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್ ಇರುತ್ತದೆ. ಡಬ್ಬ ಕೈಯಲ್ಲಿದ್ದಾಗ ಮುಚ್ಚಿಕೊಂಡು, ಓವನ್ನಿನೊಳಗೆ ಪೂರ್ತಿ ತಳ್ಳಿದಾಗ ಅಲ್ಲಿನ ಮೂತಿ ಒತ್ತಿ ತೆರೆದುಕೊಳ್ಳುವಂಥದ್ದು. ಸಿಂಕ್ ಮೇಲೆ ಹಿಡಿದು ಬೆರಳಿನಿಂದ ಒತ್ತಿ, ನೀರು ಇಳಿಯಬೇಕು. ಬಿಟ್ಟ ಕೂಡಲೇ ನಿಲ್ಲಬೇಕು. ಬಿಟ್ಟ ಮೇಲೂ ತೊಟ್ಟಿಕ್ಕಿದರೆ ಓ-ರಿಂಗ್ ಒಣಗಿದೆ ಅಥವಾ ಬಿರುಕು ಬಿಟ್ಟಿದೆ. ಓ-ರಿಂಗ್ ಹಾಳಾದರೆ ಇನ್ನೊಂದು ಉಪದ್ರವ ಇದೆ. ಪಂಪ್ ನೀರಿನ ಬದಲು ಆ ಸಂದಿಯಿಂದ ಗಾಳಿ ಎಳೆಯುತ್ತದೆ. ಡಬ್ಬ ತುಂಬಿರುತ್ತದೆ, ಬಾಯ್ಲರ್ ಒಣಗಿರುತ್ತದೆ.

ಕೆಲವು ಡಬ್ಬಗಳಲ್ಲಿ ಅಯಸ್ಕಾಂತ ಕೂರಿಸಿದ ತೇಲುಬಿಲ್ಲೆ ಇರುತ್ತದೆ. ಡಬ್ಬ ಅಲುಗಾಡಿಸಿದರೆ ಅದು ಸಲೀಸಾಗಿ ಆಡಬೇಕು. ತಳಕ್ಕೆ ಅಂಟಿಕೊಂಡಿದ್ದರೆ ತೊಳೆದು ಬಿಡಿಸಿ. ಇಷ್ಟೂ ಸರಿ ಇದ್ದರೆ ಡಬ್ಬವನ್ನು ಕೊನೆಯವರೆಗೆ ತಳ್ಳುತ್ತಿದ್ದೀರಾ ಎಂದು ಮತ್ತೊಮ್ಮೆ ನೋಡಿ. ನಗಬೇಡಿ, ‘ಟಕ್’ ಎನ್ನುವ ಮೊದಲೇ ಕೈ ಬಿಡುವವರು ಜಾಸ್ತಿ.

ಪ್ರಶ್ನೆ: ಹಬೆ ಹಾಕಿದಾಗೆಲ್ಲ ಒಳಗಿನಿಂದ ‘ಗುರ್ರ್’ ಎಂದು ಆಗಾಗ ಸದ್ದು ಬರುತ್ತದೆ. ವಾಲ್ವ್ ಸಾಯುತ್ತಿದೆಯೇ?

ಉತ್ತರ: ಡಬ್ಬದ ಓವನ್ ಆದರೆ ಅದು ಪಂಪಿನ ಸದ್ದು. ಈ ಸಣ್ಣ ಪಂಪುಗಳು ಹೆಚ್ಚಾಗಿ ತಿರುಗುವುದಿಲ್ಲ, ಕರೆಂಟಿನ ತಾಳಕ್ಕೆ ನಡುಗುತ್ತವೆ. ಸದ್ದು ಬಿಟ್ಟು ಬಿಟ್ಟು ಬರುವುದು ಮಾಮೂಲು. ಸದ್ದು ಒಮ್ಮೆಲೇ ಗಟ್ಟಿಯಾಗಿ, ಒರಟಾಗಿ, ಬಿಡದೆ ಬರತೊಡಗಿದರೆ ಪಂಪ್ ನೀರಿಲ್ಲದೆ ಓಡುತ್ತಿದೆ ಎಂದರ್ಥ. ನಿಲ್ಲಿಸಿ. ನಲ್ಲಿಗೆ ಜೋಡಿಸಿದ ಓವನ್ ಆದರೆ ಕೇಳಬೇಕಾದ್ದು ಒಂದು ‘ಟಕ್’, ಬೇಕಿದ್ದರೆ ಮೆಲ್ಲಗೆ ಒಂದು ಗುಂಯ್. ಜೋರಾಗಿ ಗುಂಯ್‌ಗುಡುತ್ತಾ ನೀರು ಬರದಿದ್ದರೆ ಒಳಗಿನ ಕಡ್ಡಿ ಪೂರ್ತಿ ಮೇಲೇಳದೆ ನಡುವೆ ಸಿಕ್ಕಿಕೊಂಡಿದೆ. ಹಾಗೇ ಬಿಟ್ಟರೆ ಕಾಯಿಲ್ ಬಿಸಿಯಾಗಿ ಸುಡಬಹುದು.

ಪ್ರಶ್ನೆ: ಸುಣ್ಣದ ಪೊರೆ ವಾಲ್ವ್ ಒಳಗೆ ಕಟ್ಟಿಕೊಂಡಿದೆ, ಅದಕ್ಕೆ ದುಬಾರಿ ದ್ರಾವಣ ಹಾಕಬೇಕು ಎನ್ನುತ್ತಾರೆ. ವಿನೆಗರ್ ಹಾಕಿದರೆ ಆಗದೇ?

ಉತ್ತರ: ಯಾವ ವಾಲ್ವ್ ಎಂದು ಮೊದಲು ಕೇಳಿ. ಒಳಬರುವ ವಾಲ್ವ್ ಹಾಯಿಸುವುದು ತಣ್ಣೀರು. ಸುಣ್ಣ ಗಟ್ಟಿಯಾಗುವುದು ನೀರು ಬಿಸಿಯಾಗುವ ಕಡೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಪೊರೆ ಕಟ್ಟುವುದು ಬಾಯ್ಲರಿನಲ್ಲಿ, ಹಬೆ ಹೊರಬರುವ ಬಾಯಲ್ಲಿ, ಸೆನ್ಸರ್ ಕಡ್ಡಿಗಳ ಮೇಲೆ. ಅಲ್ಲಿಂದ ಎದ್ದ ಚಕ್ಕೆಗಳು ಕೆಳಗಿಳಿದು ಸಿಕ್ಕಿಕೊಳ್ಳುವುದು ನೀರು ಹೊರಹಾಕುವ ವಾಲ್ವ್ ಅಥವಾ ಪಂಪಿನಲ್ಲಿ. ಒಳಬರುವ ವಾಲ್ವ್‌ಗೆ ಮರಳು, ತುಕ್ಕು ಶತ್ರು. ಹೊರಹೋಗುವುದಕ್ಕೆ ಸುಣ್ಣ ಶತ್ರು.

ಎಷ್ಟು ಪೊರೆ ಕಟ್ಟುತ್ತದೆ ಎಂಬ ಅಂದಾಜು ಬೇಕೇ? ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ 180 ಮಿಲಿಗ್ರಾಂ ದಾಟಿದರೆ ತುಂಬಾ ಗಡಸು ನೀರು ಎನ್ನುತ್ತಾರೆ. 200 ಮಿಲಿಗ್ರಾಂ ಇರುವ ನೀರು 100 ಲೀಟರ್ ಹಬೆಯಾಗಿ ಹೋದರೆ ಹಿಂದೆ 20 ಗ್ರಾಂವರೆಗೂ ಸುಣ್ಣ ಉಳಿಯಬಹುದು. ಹಬೆ ಹೋಗುತ್ತದೆ, ಸುಣ್ಣ ಹೋಗುವುದಿಲ್ಲ. ಓವನ್ನಿನ ಮೆನುವಿನಲ್ಲಿ ನೀರಿನ ಗಡಸುತನ ಹೊಂದಿಸುವ ಜಾಗ ಇರುತ್ತದೆ. ಅದನ್ನು ಸರಿ ಮಾಡದಿದ್ದರೆ ‘ಪೊರೆ ತೆಗೆಯಿರಿ’ ಎಂಬ ಸೂಚನೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಜರ್ಮನ್ ಡಿಗ್ರಿಯಲ್ಲಿ ಕೇಳಿದರೆ 1 ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ.

ವಿನೆಗರ್ ಸುಣ್ಣ ಕರಗಿಸುತ್ತದೆ, ಸುಳ್ಳಲ್ಲ. ಆದರೆ ರಬ್ಬರಿನ ಸೀಲ್‌ಗಳಿಗೆ ಒಳ್ಳೆಯದಲ್ಲ, ವಾಸನೆಯೂ ಬೇಗ ಹೋಗುವುದಿಲ್ಲ. ಸಿಟ್ರಿಕ್ ಆಸಿಡ್ ಬಳಸುವವರೂ ಇದ್ದಾರೆ. ಅದನ್ನು ಗಟ್ಟಿಯಾಗಿ ಕಲಸಿ ಕುದಿಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿ ಕೂರುತ್ತದೆ, ತೆಗೆಯಲು ಹೋಗಿ ಹಾಕಿದ ಹಾಗೆ. ಕೈಪಿಡಿಯಲ್ಲಿ ಹೇಳಿದ ದ್ರಾವಣವನ್ನೇ ಹೇಳಿದ ಅಳತೆಯಲ್ಲಿ ಹಾಕುವುದು ನನ್ನ ಸಲಹೆ. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಬೇಡಿ, ತೊಳೆಯುವ ಸುತ್ತುಗಳು ಮುಗಿಯಲೇಬೇಕು. ಪೊರೆ ತುಂಬಾ ದಪ್ಪ ಇದ್ದರೆ ಕರಗುವ ಮೊದಲೇ ಚಕ್ಕೆಚಕ್ಕೆಯಾಗಿ ಎದ್ದು ಹೊರಹೋಗುವ ದಾರಿ ಕಟ್ಟುತ್ತದೆ. ‘ಕ್ಲೀನ್ ಮಾಡಿದ ಮೇಲೇ ಕೆಟ್ಟಿತು’ ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಪ್ರಶ್ನೆ: ನೀರಿನ ಸೆನ್ಸರ್‌ನ ಎರಡು ವೈರ್ ಸೇರಿಸಿಬಿಟ್ಟರೆ ಓವನ್ ನಡೆಯುತ್ತದೆ ಎಂದು ಪರಿಚಯದವರು ಹೇಳಿದರು. ಮಾಡಬಹುದೇ?

ಉತ್ತರ: ಬೇಡ. ನೀರಿಲ್ಲದೆಯೇ ಹೀಟರ್ ಬಿಸಿಯೇರುತ್ತದೆ. ಅದನ್ನು ತಡೆಯಲು ಮಿತಿ ಮೀರಿದರೆ ಕಡಿಯುವ ಒಂದು ಥರ್ಮಲ್ ಕಟ್‌ಔಟ್ ಇದೆ ನಿಜ, ಅದು ಕೊನೆಯ ಕಾವಲು. ಮೊದಲನೆಯದನ್ನು ನೀವೇ ತೆಗೆದು ಕೊನೆಯದನ್ನು ನಂಬಿ ಕೂರುವುದೇಕೆ?

ಪ್ರಶ್ನೆ: ನಮ್ಮದರಲ್ಲಿ ಹಬೆ, ಮೈಕ್ರೋವೇವ್ ಎರಡೂ ಇದೆ. ಹಿಂದಿನ ಮುಚ್ಚಳ ಬಿಚ್ಚಿ ವಾಲ್ವ್ ನಾವೇ ನೋಡಬಹುದೇ? ಪ್ಲಗ್ ತೆಗೆದೇ ನೋಡುತ್ತೇವೆ.

ಉತ್ತರ: ಪ್ಲಗ್ ತೆಗೆದರೂ ಬೇಡ. ಮೈಕ್ರೋವೇವ್ ಭಾಗದ ಕೆಪಾಸಿಟರ್ 2,000 ವೋಲ್ಟ್ ಆಸುಪಾಸಿನ ಕರೆಂಟನ್ನು ಪ್ಲಗ್ ತೆಗೆದ ಮೇಲೂ ಹಿಡಿದಿಟ್ಟುಕೊಂಡಿರಬಹುದು. ಅದನ್ನು ಇಳಿಸುವ ಕ್ರಮ ಗೊತ್ತಿದ್ದವರೇ ಮುಚ್ಚಳ ತೆಗೆಯಬೇಕು. ಡಬ್ಬ, ಓ-ರಿಂಗ್, ಹೊರಗಿನ ಪೈಪ್, ಕೈಗೆಟುಕುವ ಜಾಗದಲ್ಲಿದ್ದರೆ ಜಾಲರಿ, ಎಂಸಿಬಿ ಇಳಿಸಿ ಮಾಡುವ ಆ ರಾತ್ರಿಯ ಪರೀಕ್ಷೆ, ಇವಕ್ಕೆ ಮುಚ್ಚಳ ತೆಗೆಯಬೇಕಿಲ್ಲ. ಅಲ್ಲಿಯವರೆಗೆ ನೀವು ಮಾಡಿ, ಕಂಡದ್ದನ್ನು ಚೀಟಿಯಲ್ಲಿ ಬರೆದು ತಂತ್ರಜ್ಞರ ಕೈಗೆ ಕೊಡಿ.